ಮರಳಿ ನುಡಿಸಿದ ಸಿನಿಮಾ ಸಂಗೀತ

(ಭಾಷಣದ ಬರಹರೂಪ)

ಮೈಸೂರು ಸೀಮೆಯ ಕಾರಾಪುರದ ಮಾವುತನೊಬ್ಬನ ಮಗ ಸಾಬು. 1937ರಲ್ಲಿ ಬಂದ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆಲ್ಲ ಪರಿಚಿತನಾದ ಆ ಹುಡುಗ, 1942ರಲ್ಲಿ ಜೋಲ್ಟಾನ್ ಕೋರ್ಡಾ ನಿರ್ದೇಶಿಸಿದ ‘ಜಂಗಲ್ ಬುಕ್’ ಚಿತ್ರದಲ್ಲಿ ಮೌಗ್ಲಿಯಾದ. ಅದಕ್ಕೆ ಸಂಗೀತ ಒದಗಿಸಿದವರು ಹಂಗೇರಿ ಮೂಲದ ಮಿಕ್ಲೋಸ್ ರೋಜಾ. ಚಿತ್ರ ತೆರೆಕಂಡ ಮೇಲೆ ಆರ್‌ಸಿಎ ವಿಕ್ಟರ್ ಕಂಪನಿ ಅದರ ಸಂಗೀತವನ್ನು ಗ್ರಾಮಫೋನ್ ತಟ್ಟೆಗಳ ಆಲ್ಬಮ್ಮಾಗಿ ಹೊರತಂದಿತು. ರೋಜಾ ವಾದ್ಯವೃಂದವನ್ನು ನಡೆಸಿದರು, ಸಾಬು ಕಥೆ ಹೇಳಿದ. ಅಮೆರಿಕದ ಕಥಾಚಿತ್ರವೊಂದರ ಹಿನ್ನೆಲೆ ಸಂಗೀತ ಹೀಗೆ ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಆದರೆ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಆ ತಟ್ಟೆಗಳಲ್ಲಿ ಇದ್ದದ್ದು ಚಿತ್ರಮಂದಿರದಲ್ಲಿ ಕೇಳಿಸಿದ ಸಂಗೀತದ ಪ್ರತಿಯಲ್ಲ. ಕಥೆ ಹೇಳುವುದಕ್ಕೆ ಹೊಂದುವಂತೆ ಜೋಡಿಸಿ, ತಟ್ಟೆಗೆಂದೇ ಮತ್ತೊಮ್ಮೆ ನುಡಿಸಿದ ಸಂಗೀತ ಅದು.

ಅಂದಿನಿಂದ ಇಂದಿನವರೆಗೆ ‘ಸಿನಿಮಾ ಸಂಗೀತ’ ಎಂಬ ಹೆಸರಿನಲ್ಲಿ ಬಂದ ತಟ್ಟೆ, ಕ್ಯಾಸೆಟ್ಟು, ಸಿ.ಡಿ.ಗಳಲ್ಲಿ ಗಣನೀಯ ಪಾಲು ಹೀಗೆ ಎರಡನೆಯ ಬಾರಿ ನುಡಿಸಿದ್ದೇ. ಜೇಮ್ಸ್ ಬಾಂಡ್ ಚಿತ್ರಗಳ ಸಂಗೀತ, ಕೌಬಾಯ್ ಚಿತ್ರಗಳ ಸಂಗೀತ, ಬಾಹ್ಯಾಕಾಶ ಚಿತ್ರಗಳ ಸಂಗೀತ ಎಂದು ಹತ್ತಾರು ಚಿತ್ರಗಳಿಂದ ಆಯ್ದು ಒಂದೆಡೆ ಸೇರಿಸಿದ ಸಂಕಲನಗಳಲ್ಲಂತೂ ಇದು ತೀರಾ ಸಾಮಾನ್ಯ. ಮನೆಗೆ ತಂದು ಕೇಳಿದವರಿಗೆ ರಾಗ ಅದೇ, ವಾದ್ಯಗಳೂ ಅವೇ, ಆದರೂ ಏನೋ ಬೇರೆ ಅನ್ನಿಸುತ್ತದೆ. ಹೊದಿಕೆಯನ್ನು ತಿರುಗಿಸಿ ನೋಡಿದರೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಯಾವುದೋ ಊರಿನ ವಾದ್ಯವೃಂದದ ಹೆಸರು. ‘ಅಯ್ಯೋ, ಇದು ಅಸಲಿ ಅಲ್ಲ’ ಎಂದು ಬೇಸರಿಸಿಕೊಳ್ಳುವುದು ಸಹಜ.

ಆ ಬೇಸರದಲ್ಲಿ ಅರ್ಧ ನ್ಯಾಯವಿದೆ. ಉಳಿದ ಅರ್ಧದ ಕಥೆಯನ್ನು ಹೇಳುವವರು ಕಡಿಮೆ. ನಕಲು ಎಂದು ಪಕ್ಕಕ್ಕೆ ಸರಿಸಲಾಗುವ ಈ ಮರುಧ್ವನಿಮುದ್ರಣಗಳೇ ಹಾಲಿವುಡ್ಡಿನ ಹಳೆಯ ಸಂಗೀತದ ಒಂದು ಪಾಲನ್ನು ನಾಶದಿಂದ ಉಳಿಸಿದವು. ಅದು ಹೇಗೆ ಸಾಧ್ಯವಾಯಿತು, ನಮ್ಮ ಚಿತ್ರಸಂಗೀತಕ್ಕೆ ಅದೇ ಭಾಗ್ಯ ಸಿಗುವುದೇ ಎಂಬುದು ಇಲ್ಲಿನ ಪ್ರಶ್ನೆ.

ಎರಡು ಮಾತುಗಳ ಗೊಂದಲ

ಮೊದಲಿಗೆ ಎರಡು ಶಬ್ದಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಮ್ಮ ಚಿತ್ರರಂಗದಲ್ಲಿ ‘ರೀರೆಕಾರ್ಡಿಂಗ್’ ಎಂದರೆ ಚಿತ್ರೀಕರಣ, ಸಂಕಲನಗಳು ಮುಗಿದ ಮೇಲೆ ದೃಶ್ಯಗಳಿಗೆ ಹಿನ್ನೆಲೆ ಸಂಗೀತ ಕೂಡಿಸುವ ಕೆಲಸ. ‘ಹಾಡು ಸುಮಾರು, ರೀರೆಕಾರ್ಡಿಂಗ್ ಚೆನ್ನಾಗಿದೆ’ ಎಂಬ ಮಾತನ್ನು ಚಿತ್ರಮಂದಿರದ ಬಾಗಿಲಲ್ಲಿ ಕೇಳದವರಿಲ್ಲ. ಇಲ್ಲಿ ಹೇಳುತ್ತಿರುವುದು ಅದಲ್ಲ. ಚಿತ್ರಕ್ಕಾಗಿ ಒಮ್ಮೆ ನುಡಿಸಿ ಮುಗಿಸಿದ ಸಂಗೀತವನ್ನು, ಎಷ್ಟೋ ವರ್ಷಗಳ ನಂತರ, ಬೇರೆ ವಾದಕರು ಬೇರೆ ಸ್ಟುಡಿಯೊದಲ್ಲಿ ಆಲ್ಬಮ್ಮಿಗಾಗಿ ಮತ್ತೆ ನುಡಿಸುವುದು ಇಲ್ಲಿನ ವಿಷಯ.

ಇನ್ನೊಂದು ಶಬ್ದ ‘ಆರ್ಕೆಸ್ಟ್ರಾ’. ನಮ್ಮೂರುಗಳಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನಲ್ಲಿ, ಜಾತ್ರೆಯಲ್ಲಿ, ರಾಜ್ಯೋತ್ಸವದಲ್ಲಿ ಚಿತ್ರಗೀತೆ ಹಾಡುವ ತಂಡ. ಪಾಶ್ಚಾತ್ಯರ ಸಿಂಫನಿ ಆರ್ಕೆಸ್ಟ್ರಾ ಎಂದರೆ ಅರುವತ್ತು, ಎಂಬತ್ತು, ಕೆಲವೊಮ್ಮೆ ನೂರು ವಾದಕರು ತಮ್ಮ ತಮ್ಮ ಪಾಲಿನ ಸ್ವರಗಳನ್ನು ಎದುರಿಗಿಟ್ಟ ಕಾಗದ ನೋಡಿ ನುಡಿಸುವ, ಒಬ್ಬ ನಿರ್ವಾಹಕ ಅವರನ್ನೆಲ್ಲ ನಡೆಸುವ ವಾದ್ಯವೃಂದ. ಈ ‘ಕಾಗದ ನೋಡಿ’ ಎಂಬ ಮಾತು ನೆನಪಿರಲಿ. ಇಡೀ ವಿಷಯದ ಕೀಲಿಕೈ ಅದರಲ್ಲಿದೆ.

ಮತ್ತೆ ನುಡಿಸುವುದೇಕೆ?

ಇದ್ದದ್ದನ್ನೇ ಮಾರಬಹುದಲ್ಲ, ಮತ್ತೆ ನುಡಿಸುವ ಖರ್ಚೇಕೆ ಎಂದು ಯಾರಾದರೂ ಕೇಳಬಹುದು. ಕಾರಣಗಳು ಮೂರು.

ಮೊದಲನೆಯದು ಮೂಲ ಮುದ್ರಣದ ಸ್ವರೂಪ. ಚಿತ್ರದ ಸಂಗೀತವನ್ನು ಕಛೇರಿಯ ಹಾಗೆ ಒಂದೇ ಓಘದಲ್ಲಿ ನುಡಿಸುವುದಿಲ್ಲ. ಬಾಗಿಲು ತೆರೆಯುವ ದೃಶ್ಯಕ್ಕೆ ಇಪ್ಪತ್ತು ಸೆಕೆಂಡು, ಕತ್ತಿವರಸೆಗೆ ಎರಡು ನಿಮಿಷ, ವಿದಾಯಕ್ಕೆ ನಲವತ್ತು ಸೆಕೆಂಡು, ಹೀಗೆ ತುಂಡುತುಂಡಾಗಿ ನುಡಿಸುತ್ತಾರೆ. ಲಯವೂ ಸಂಗೀತದ ಇಚ್ಛೆಯಂತಿರದೆ ಚಿತ್ರದ ಇಚ್ಛೆಯಂತೆ ಇರುತ್ತದೆ. 1930ರ ದಶಕದಲ್ಲಿ ಮ್ಯಾಕ್ಸ್ ಸ್ಟೈನರ್ ಮೊದಲಾದವರು ಬಳಕೆಗೆ ತಂದ ‘ಕ್ಲಿಕ್ ಟ್ರ್ಯಾಕ್’ ವಿಧಾನದಲ್ಲಿ ವಾದಕರ ಕಿವಿಗೆ ಟಕ್ ಟಕ್ ಎಂಬ ಸದ್ದು ಬೀಳುತ್ತಿರುತ್ತದೆ. ತೆರೆಯ ಮೇಲಿನ ಚಲನೆಗೂ ತಾಳಕ್ಕೂ ಕೂದಲೆಳೆಯ ವ್ಯತ್ಯಾಸ ಬಾರದಂತೆ ಅದು ಕಾಯುತ್ತದೆ. ಇಂಥ ತುಂಡುಗಳನ್ನು ಹಾಗೆಯೇ ತಟ್ಟೆಗೆ ಹಾಕಿದರೆ ಕೇಳುವವನಿಗೆ ಏದುಸಿರು ಬಂದಂತಾಗುತ್ತದೆ. ಸಾಲದ್ದಕ್ಕೆ ಆ ಕಾಲದ ಧ್ವನಿ ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಅಚ್ಚಾಗುತ್ತಿತ್ತು. ತೀರ ಮಂದ್ರವೂ ತೀರ ತಾರವೂ ಅದರಲ್ಲಿ ಉಳಿಯುತ್ತಿರಲಿಲ್ಲ. ಅಂತಿಮ ಪ್ರತಿಯಲ್ಲಿ ಸಂಗೀತದ ಮೇಲೆ ಸಂಭಾಷಣೆ, ಕುದುರೆಯ ಗೊರಸು, ಗುಂಡಿನ ಸದ್ದು ಕುಳಿತುಬಿಟ್ಟಿರುತ್ತವೆ. ಸಂಗೀತದ ಪ್ರತ್ಯೇಕ ಪಟ್ಟಿ ಕಳೆದುಹೋದರೆ ಅದನ್ನು ಬೇರ್ಪಡಿಸುವ ಮಾರ್ಗ ಬಹುಕಾಲ ಇರಲಿಲ್ಲ.

ಎರಡನೆಯದು ಹಣ. ಅಮೆರಿಕದ ವಾದಕರ ಸಂಘದ ಒಪ್ಪಂದದಂತೆ, ಚಿತ್ರಕ್ಕೆಂದು ನುಡಿಸಿದ ಮುದ್ರಣವನ್ನು ಆಲ್ಬಮ್ಮಾಗಿ ಮಾರಬೇಕಾದರೆ ಅದರಲ್ಲಿ ನುಡಿಸಿದ ವಾದಕರಿಗೆಲ್ಲ ಮರುಬಳಕೆಯ ಸಂಭಾವನೆ ಕೊಡಬೇಕು. ವಾದಕರ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಕೆಲವೇ ಸಾವಿರ ಪ್ರತಿ ಖರ್ಚಾಗುವ ಹಳೆಯ ಚಿತ್ರದ ಸಂಗೀತಕ್ಕೆ ಆ ಮೊತ್ತ ಭಾರವಾಗುತ್ತಿತ್ತು. ಲಂಡನ್ನಿಗೋ, ನಂತರದ ದಿನಗಳಲ್ಲಿ ಪ್ರಾಗ್‌ಗೋ ಹೋಗಿ ಹೊಸದಾಗಿ ನುಡಿಸುವುದೇ ಅಗ್ಗವಾಗಿ ಕಂಡಿತು. ಸೀಮಿತ ಪ್ರತಿಗಳ ಆಲ್ಬಮ್ಮುಗಳಿಗೆ ಈ ನಿಯಮ ಸಡಿಲವಾದದ್ದು ಬಹಳ ತಡವಾಗಿ.

ಮೂರನೆಯದು ಮಾಲೀಕತ್ವ. ಹತ್ತು ಸ್ಟುಡಿಯೊಗಳ ಹತ್ತು ಚಿತ್ರಗಳಿಂದ ಮೂಲ ಮುದ್ರಣ ಪಡೆದು ಸಂಕಲನ ಮಾಡುವುದೆಂದರೆ ಹತ್ತು ಬಾಗಿಲು ತಟ್ಟಿದಂತೆ. ತಾನೇ ನುಡಿಸಿದರೆ ಸಂಗೀತದ ಹಕ್ಕಿನ ಗೌರವಧನ ಕೊಟ್ಟರೆ ಸಾಕು, ಮುದ್ರಣ ಕಂಪನಿಯದೇ. ಅದೇ ಮುದ್ರಣವನ್ನು ಇಂದು ‘ಯುದ್ಧ ಚಿತ್ರಗಳು’ ಎಂಬ ಸಂಕಲನಕ್ಕೂ ನಾಳೆ ‘ಮಹಾಕಾವ್ಯ ಚಿತ್ರಗಳು’ ಎಂಬುದಕ್ಕೂ ಹಾಕಬಹುದು. ಒಂದೇ ಹಿಟ್ಟಿನಲ್ಲಿ ದೋಸೆಯನ್ನೂ ಪಡ್ಡನ್ನೂ ಹುಯ್ದಂತೆ.

ಲಂಡನ್ನಿನ ಒಂದು ಪ್ರಯೋಗ

ಇಷ್ಟೇ ಆಗಿದ್ದರೆ ಇದು ಬರಿಯ ವ್ಯಾಪಾರದ ಕಥೆಯಾಗುತ್ತಿತ್ತು. ಅದನ್ನು ಬೇರೆ ಮಟ್ಟಕ್ಕೆ ಏರಿಸಿದ್ದು 1972ರಲ್ಲಿ ಆರ್‌ಸಿಎ ಹೊರತಂದ ‘ದಿ ಸೀ ಹಾಕ್’ ಎಂಬ ತಟ್ಟೆ. ವಿಯೆನ್ನಾದಲ್ಲಿ ಬಾಲಪ್ರತಿಭೆಯೆಂದು ಹೆಸರಾಗಿ, ಹಾಲಿವುಡ್ ಸೇರಿ, 1938ರ ‘ರಾಬಿನ್ ಹುಡ್’ ಚಿತ್ರಕ್ಕೆ ಆಸ್ಕರ್ ಗಳಿಸಿದ ಎರಿಕ್ ವೋಲ್ಫ್‌ಗಾಂಗ್ ಕೋರ್ನ್‌ಗೋಲ್ಡ್ 1957ರಲ್ಲಿ ತೀರಿಕೊಂಡಾಗ ಸಂಗೀತ ಪ್ರಪಂಚ ಅವರನ್ನು ಹೆಚ್ಚುಕಡಿಮೆ ಮರೆತಿತ್ತು. ಸಿನಿಮಾಕ್ಕೆ ಬರೆದವರೆಂಬ ಕಾರಣಕ್ಕೆ ಗಂಭೀರ ವಿಮರ್ಶಕರು ಅವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅವರ ಮಗ ಜಾರ್ಜ್ ಕೋರ್ನ್‌ಗೋಲ್ಡ್ ನಿರ್ಮಾಪಕರಾಗಿ, ಚಾರ್ಲ್ಸ್ ಗೆರ್ಹಾರ್ಟ್ ನಿರ್ವಾಹಕರಾಗಿ, ಧ್ವನಿಮುದ್ರಣಕ್ಕೆಂದೇ ಕೂಡಿಸಿದ್ದ ನ್ಯಾಷನಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದಿಂದ ಆ ಸಂಗೀತವನ್ನು ಮತ್ತೆ ನುಡಿಸಿದರು. ಮುದ್ರಿಸಿಕೊಂಡವರು ಕೆನೆತ್ ವಿಲ್ಕಿನ್ಸನ್, ಆ ಕಾಲದ ಅತ್ಯಂತ ಹೆಸರುವಾಸಿ ಧ್ವನಿತಂತ್ರಜ್ಞರಲ್ಲೊಬ್ಬರು. ಜಾಗ ಲಂಡನ್ನಿನ ಕಿಂಗ್ಸ್‌ವೇ ಹಾಲ್. ಅದರ ಅನುರಣನ ಜಗತ್ಪ್ರಸಿದ್ಧ. ನೆಲದಡಿಯಲ್ಲಿ ಹಾದುಹೋಗುವ ಸುರಂಗ ರೈಲಿನ ಗುಡುಗು ಆಗಾಗ ತಟ್ಟೆಯೊಳಗೂ ಸೇರಿಬಿಡುತ್ತಿತ್ತು ಎಂಬುದೂ ಅಷ್ಟೇ ಪ್ರಸಿದ್ಧ.

ತಟ್ಟೆ ನಿರೀಕ್ಷೆ ಮೀರಿ ಮಾರಾಟವಾಯಿತು. 1978ರ ವೇಳೆಗೆ ಈ ಮಾಲೆ ಹದಿನಾಲ್ಕು ತಟ್ಟೆಗಳಿಗೆ ಬೆಳೆಯಿತು. ಸ್ಟೈನರ್, ರೋಜಾ, ಫ್ರಾಂಜ್ ವಾಕ್ಸ್‌ಮನ್, ಆಲ್ಫ್ರೆಡ್ ನ್ಯೂಮನ್, ಬರ್ನಾರ್ಡ್ ಹರ್ಮನ್, ದಿಮಿತ್ರಿ ತಿಯೋಮ್ಕಿನ್, ಹೀಗೆ ತೆರೆಯ ಮೇಲೆ ಒಂದು ಕ್ಷಣ ಮಿಂಚಿ ಮಾಯವಾಗುತ್ತಿದ್ದ ಹೆಸರುಗಳು ತಟ್ಟೆಯ ಮುಖಪುಟಕ್ಕೆ ಬಂದವು. ಚಿತ್ರಮಂದಿರದ ಗದ್ದಲದಲ್ಲಿ ಅಡಗಿದ್ದ ವಯೊಲಾ, ಹಾರ್ಪ್, ಫ್ರೆಂಚ್ ಹಾರ್ನ್‌ಗಳ ಕುಸುರಿ ಮೊದಲ ಸಲ ಸ್ಟೀರಿಯೊದಲ್ಲಿ ಕಿವಿಗೆ ಬಿತ್ತು.

ಮರುಧ್ವನಿಮುದ್ರಣ ಏನು ಮಾಡಬಲ್ಲದು ಎನ್ನುವುದಕ್ಕೆ ಈ ಮಾಲೆಯಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ‘ಸಿಟಿಜನ್ ಕೇನ್’ (1941) ಚಿತ್ರದಲ್ಲಿ ಕೇನ್‌ನ ಎರಡನೆಯ ಹೆಂಡತಿ ಸೂಸನ್ ಒಪೆರಾ ಹಾಡಲು ಹೋಗಿ ಸೋಲುತ್ತಾಳೆ. ಅವಳಿಗೆಂದು ಹರ್ಮನ್ ನಿಜವಾದ ಒಪೆರಾ ಗೀತೆಯನ್ನೇ ಬರೆದಿದ್ದರು. ಚಿತ್ರದಲ್ಲಿ ಅದು ಕೆಟ್ಟದಾಗಿ ಕೇಳಿಸಲೇಬೇಕು, ಕಥೆ ಬೇಡುವುದೇ ಅದನ್ನು. 1974ರಲ್ಲಿ ಗೆರ್ಹಾರ್ಟ್ ಅದನ್ನು ಧ್ವನಿಮುದ್ರಿಸಿದಾಗ ಹಾಡಿದವರು ನ್ಯೂಜಿಲೆಂಡಿನ ಕಿರಿ ಟೆ ಕನಾವಾ. ಮೂವತ್ತಮೂರು ವರ್ಷ ಸೋಲಿನ ಗುರುತಾಗಿದ್ದ ಹಾಡು ಎಷ್ಟು ದೊಡ್ಡ ರಚನೆ ಎಂಬುದು ಆಗ ತಿಳಿಯಿತು. ಇದನ್ನು ನಕಲು ಎನ್ನಲಾದೀತೆ?

ಮಾಲೆ ಮುಗಿಯುವ ಹೊತ್ತಿಗೆ ‘ಸ್ಟಾರ್ ವಾರ್ಸ್’ (1977) ಬಂದಿತ್ತು. ಜಾನ್ ವಿಲಿಯಮ್ಸ್ ಅದಕ್ಕೆ ಕೊಟ್ಟ ಸಂಗೀತ ಕೋರ್ನ್‌ಗೋಲ್ಡ್ ಪರಂಪರೆಯದೇ. ಮೂಲವನ್ನು ನುಡಿಸಿದ್ದು ಲಂಡನ್ ಸಿಂಫನಿ ವಾದ್ಯವೃಂದ. ಕೆಲವೇ ತಿಂಗಳಲ್ಲಿ ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ತಮ್ಮ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್‌ನಿಂದ ಡೆಕ್ಕಾ ಕಂಪನಿಗಾಗಿ ಅದನ್ನು ಮತ್ತೆ ನುಡಿಸಿದರು. 1980ರಿಂದ ವಿಲಿಯಮ್ಸ್ ತಾವೇ ಬಾಸ್ಟನ್ ಪಾಪ್ಸ್ ವಾದ್ಯವೃಂದದ ನಿರ್ವಾಹಕರಾದರು. ಬೀಥೋವನ್‌ನನ್ನು ನುಡಿಸುವ ಕೈಗಳು ಸಿನಿಮಾ ಸಂಗೀತವನ್ನು ನುಡಿಸಲು ಹಿಂಜರಿಯುವ ಕಾಲ ಮುಗಿಯುತ್ತ ಬಂದಿತ್ತು.

ಗುಂಡಿಗೆ ಬಿದ್ದ ಕಾಗದ

ಗೆರ್ಹಾರ್ಟ್ ಕೋರ್ನ್‌ಗೋಲ್ಡನ್ನು ನುಡಿಸಬಲ್ಲವರಾದದ್ದು ವಾರ್ನರ್ ಬ್ರದರ್ಸ್ ಸ್ಟುಡಿಯೊ ತನ್ನ ಸ್ವರಲಿಪಿಗಳನ್ನು ಉಳಿಸಿಕೊಂಡಿದ್ದರಿಂದ. ಎಲ್ಲರೂ ಹಾಗಿರಲಿಲ್ಲ. 1969ರಲ್ಲಿ ಎಂಜಿಎಂ ಸ್ಟುಡಿಯೊ ಹೊಸ ಒಡೆಯರ ಕೈಗೆ ಹೋಯಿತು. ಜಾಗ ಖಾಲಿ ಮಾಡುವ ಅವಸರದಲ್ಲಿ ಮರುವರ್ಷ ಉಡುಗೆ, ಪೀಠೋಪಕರಣಗಳೆಲ್ಲ ಹರಾಜಾದವು. ‘ದಿ ವಿಜಾರ್ಡ್ ಆಫ್ ಆಜ್’ ಚಿತ್ರದಲ್ಲಿ ನಾಯಕಿ ತೊಟ್ಟ ಮಾಣಿಕ್ಯದ ಬಣ್ಣದ ಪಾದರಕ್ಷೆಗಳ ಒಂದು ಜೊತೆಗೆ 15,000 ಡಾಲರ್ ಬಂತು. ಅದೇ ಸುಮಾರಿಗೆ ಸ್ಟುಡಿಯೊದ ಸಂಗೀತ ಭಂಡಾರ, ಅಂದರೆ ದಶಕಗಳ ಕಾಲ ಬರೆದ ಪೂರ್ಣ ಸ್ವರಲಿಪಿಗಳು, ಪ್ರತಿ ವಾದ್ಯದ ಬಿಡಿ ಹಾಳೆಗಳು, ಕಸದ ಗುಂಡಿ ಸೇರಿದವು. ಪಾದರಕ್ಷೆಗೆ ಗಿರಾಕಿಗಳಿದ್ದರು. ಕಾಗದಕ್ಕೆ ಇರಲಿಲ್ಲ.

ಉಳಿದದ್ದು ನಿರ್ವಾಹಕರ ಉಪಯೋಗಕ್ಕೆಂದು ಮಾಡಿದ್ದ ಸಂಕ್ಷಿಪ್ತ ಹಾಳೆಗಳು ಮಾತ್ರ. ಎಂಬತ್ತು ವಾದ್ಯಗಳ ಸಂಗೀತವನ್ನು ಎರಡು ಮೂರು ಸಾಲಿಗೆ ಇಳಿಸಿದ ಟಿಪ್ಪಣಿಯಂಥವು. ಇಂಗ್ಲೆಂಡಿನ ನಿರ್ವಾಹಕ ಜಾನ್ ವಿಲ್ಸನ್ ಅವನ್ನು ಮುಂದಿಟ್ಟುಕೊಂಡು, ಚಿತ್ರದ ಧ್ವನಿಯನ್ನು ಮತ್ತೆ ಮತ್ತೆ ಕೇಳಿ, ಎರಡನೆಯ ಕ್ಲಾರಿನೆಟ್ ಏನು ನುಡಿಸಿತು, ಹಾರ್ಪ್ ಎಲ್ಲಿ ಸೇರಿತು ಎಂದು ಒಂದೊಂದಾಗಿ ಹಿಡಿದು ಬರೆದರು. ‘ದಿ ವಿಜಾರ್ಡ್ ಆಫ್ ಆಜ್’, ‘ಸಿಂಗಿಂಗ್ ಇನ್ ದ ರೇನ್’ ಮೊದಲಾದವು ಹೀಗೆ ಕಾಗದಕ್ಕೆ ಮರಳಿದವು. 2009ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಅವರ ವಾದ್ಯವೃಂದ ಎಂಜಿಎಂ ಸಂಗೀತವನ್ನು ನುಡಿಸಿದಾಗ ಸಭೆ ಕಿಕ್ಕಿರಿದಿತ್ತು.

ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾದ ಕೀಬೋರ್ಡ್ ವಾದಕ ಮಾಡುವುದೂ ಇದನ್ನೇ. ಟೇಪ್‌ರೆಕಾರ್ಡರಿನ ಗುಂಡಿಯನ್ನು ಹಿಂದೆ ಮುಂದೆ ಒತ್ತಿ, ಹಾಡಿನ ನಡುವಿನ ಸಂಗೀತವನ್ನು ಕಿವಿಯಿಂದಲೇ ಹಿಡಿದು, ಸಂಜೆಯ ಹೊತ್ತಿಗೆ ವೇದಿಕೆಯ ಮೇಲೆ ಸಿದ್ಧವಾಗಿರುತ್ತಾನೆ. ಆ ವಿದ್ಯೆ ಸಣ್ಣದಲ್ಲ. ವ್ಯತ್ಯಾಸ ಒಂದೇ. ವಿಲ್ಸನ್ ಹಿಡಿದದ್ದನ್ನು ಮುಂದಿನವರಿಗಾಗಿ ಬರೆದಿಟ್ಟರು.

ಪ್ರಾಗ್ ಮತ್ತು ಮಾಸ್ಕೋ

1989ರ ನಂತರ ಪೂರ್ವ ಯುರೋಪಿನ ರಾಜಕೀಯ ಬದಲಾಯಿತು. ಪ್ರಾಗ್, ಬ್ರಾಟಿಸ್ಲಾವಾ, ಮಾಸ್ಕೋಗಳಲ್ಲಿ ಸರ್ಕಾರದ ಆಶ್ರಯದಲ್ಲಿ ಬೆಳೆದ ನುರಿತ ವಾದ್ಯವೃಂದಗಳಿದ್ದವು. ಆಶ್ರಯ ಕುಸಿದಾಗ ಅವಕ್ಕೆ ಕೆಲಸ ಬೇಕಿತ್ತು. ಪಶ್ಚಿಮದ ಕಂಪನಿಗಳಿಗೆ ಕಡಿಮೆ ಖರ್ಚಿನ ವಾದಕರು ಬೇಕಿತ್ತು. ಲಂಡನ್ನಿನ ಸಿಲ್ವಾ ಸ್ಕ್ರೀನ್ ಕಂಪನಿ ‘ಸಿಟಿ ಆಫ್ ಪ್ರಾಗ್ ಫಿಲ್ಹಾರ್ಮೋನಿಕ್’ ವಾದ್ಯವೃಂದದಿಂದ ನೂರಾರು ಚಿತ್ರಗಳ ಸಂಗೀತವನ್ನು ನುಡಿಸಿತು. ಅಂಗಡಿಗಳಲ್ಲಿ ಸಿಗುತ್ತಿದ್ದ ಸಂಕಲನಗಳಲ್ಲಿ ಎಷ್ಟೋ ಈ ಕಾರ್ಖಾನೆಯವು.

ಕಾರ್ಖಾನೆ ಎಂಬ ಮಾತು ತೂಗಿಯೇ ಹೇಳಿದ್ದು. ಬೆಳಗಿನಿಂದ ಸಂಜೆಯವರೆಗೆ ನಾಲ್ಕಾರು ಚಿತ್ರಗಳ ಸಂಗೀತ ಎದುರಿಗೆ ಬಂದರೆ ಎಲ್ಲದಕ್ಕೂ ಒಂದೇ ಬಣ್ಣ ಬರುವ ಅಪಾಯವಿದೆ. ಕೆಲವು ತುಣುಕುಗಳು ಅಭ್ಯಾಸದ ಕೊರತೆಯಿಂದ ಸೊರಗಿದಂತೆಯೂ ಕೇಳುತ್ತವೆ. ಆದರೆ ಅದೇ ವಾದ್ಯವೃಂದ ನಿಕ್ ರೇನ್ ಅವರ ನಿರ್ವಹಣೆಯಲ್ಲಿ ‘ಎಲ್ ಸಿಡ್’, ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರಗಳ ಸಂಗೀತವನ್ನು ಸಾವಧಾನವಾಗಿ, ಇಡಿಯಾಗಿ ನುಡಿಸಿದಾಗ ಫಲಿತಾಂಶ ಬೇರೆಯೇ. ದೋಷ ಊರಿನದಲ್ಲ, ಕೊಟ್ಟ ಸಮಯದ್ದು.

ಮಾಸ್ಕೋದಲ್ಲಿ ಅಮೆರಿಕದ ಜಾನ್ ಮಾರ್ಗನ್ ಮತ್ತು ವಿಲಿಯಂ ಸ್ಟ್ರೋಮ್‌ಬರ್ಗ್ ಜೋಡಿ ಮಾರ್ಕೊ ಪೋಲೊ ಎಂಬ ಕಂಪನಿಗಾಗಿ 1990ರ ದಶಕದಲ್ಲಿ ಇಂಥದ್ದೇ ಕೆಲಸ ಮಾಡಿತು. ಮಾರ್ಗನ್ ಹಳೆಯ ಹಾಳೆಗಳನ್ನು ಒಟ್ಟುಗೂಡಿಸಿ, ಇಲ್ಲದ ಸಾಲುಗಳನ್ನು ತುಂಬಿ ಕೊಡುವುದು, ಸ್ಟ್ರೋಮ್‌ಬರ್ಗ್ ಮಾಸ್ಕೋ ಸಿಂಫನಿ ವಾದ್ಯವೃಂದದಿಂದ ನುಡಿಸುವುದು. ಸ್ಟೈನರ್ 1933ರಲ್ಲಿ ‘ಕಿಂಗ್ ಕಾಂಗ್’ಗೆ ಬರೆದ ಸಂಗೀತ, ಗೊರಿಲ್ಲಾದ ಘರ್ಜನೆ ಮತ್ತು ಜನರ ಚೀರಾಟದ ಅಡಿಯಿಂದ ಎದ್ದು, ಸ್ವಂತ ಕಾಲ ಮೇಲೆ ನಿಂತದ್ದು ಹೀಗೆ.

ಯಾವುದು ಮೂಲ?

‘ಅಸಲಿ’ ಎಂಬ ಮಾತು ಕೇಳುವುದಕ್ಕೆ ಸರಳ. ಒಳಹೊಕ್ಕು ನೋಡಿದರೆ ತೊಡಕು. 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಚಿತ್ರದ ಸಂಗೀತವೆಂದು ಜಗತ್ತು ಕೊಂಡ ಜನಪ್ರಿಯ ಆಲ್ಬಮ್ಮನ್ನು ಸಂಗೀತ ನಿರ್ದೇಶಕ ಹೆನ್ರಿ ಮ್ಯಾನ್ಸಿನಿ ಮನೆಯಲ್ಲಿ ಕುಳಿತು ಕೇಳುವವರಿಗೆ ಒಪ್ಪುವಂತೆ ಬೇರೆಯಾಗಿ ಜೋಡಿಸಿ ಹೊಸದಾಗಿ ನುಡಿಸಿದ್ದರು. ಚಿತ್ರದಲ್ಲಿ ಆಡ್ರೆ ಹೆಪ್‌ಬರ್ನ್ ಕಿಟಕಿಯ ಬಳಿ ಕುಳಿತು ಗಿಟಾರ್ ಹಿಡಿದು ಹಾಡುವ ದೃಶ್ಯ ಎಲ್ಲರಿಗೂ ನೆನಪಿದೆ. ಆ ಆಲ್ಬಮ್ಮಿನಲ್ಲಿ ಆಕೆಯ ಧ್ವನಿಯೇ ಇರಲಿಲ್ಲ. ಚಿತ್ರದಲ್ಲಿ ನಿಜಕ್ಕೂ ಬಳಸಿದ ಸಂಗೀತ ಆಲ್ಬಮ್ಮಾಗಿ ಬಂದದ್ದು 52 ವರ್ಷಗಳ ನಂತರ, 2013ರಲ್ಲಿ. ಅಷ್ಟರಲ್ಲಿ ಮೂರು ತಲೆಮಾರು ಮರುನುಡಿಕೆಯನ್ನೇ ಅಸಲಿ ಎಂದು ಪ್ರೀತಿಸಿತ್ತು.

ರಚನಕಾರನೇ ಮತ್ತೆ ನುಡಿಸಿದರೆ ಮೂಲದಂತೆ ಇರುತ್ತದೆ ಎಂಬ ಭರವಸೆಯೂ ಇಲ್ಲ. ಹಿಚ್‌ಕಾಕ್‌ನ ‘ಸೈಕೊ’ (1960) ಚಿತ್ರಕ್ಕೆ ಬರಿಯ ತಂತಿವಾದ್ಯಗಳಿಂದ ಸಂಗೀತ ರಚಿಸಿದ ಹರ್ಮನ್, ತಾವು ತೀರಿಕೊಂಡ 1975ರಲ್ಲೇ ಲಂಡನ್ನಿನಲ್ಲಿ ಅದನ್ನು ಇಡಿಯಾಗಿ ಮುದ್ರಿಸಿದರು. ಆ ಮುದ್ರಣದ ನಡೆ ಚಿತ್ರದ ನಡೆಗಿಂತ ಎದ್ದು ಕಾಣುವಷ್ಟು ನಿಧಾನ. ಚಿತ್ರದ ಓಟ ಬೇಕೆನ್ನುವವರಿಗೆ ಇದು ನಿರಾಶೆ. ಸಂಗೀತದ ಒಳಗಿನ ಕತ್ತಲು ಬೇಕೆನ್ನುವವರಿಗೆ ಇದೇ ಹೆಚ್ಚು.

ಕೆಲವೊಮ್ಮೆ ಮರುನುಡಿಕೆಯೇ ಮೊದಲ ನುಡಿಕೆ. ‘2001: ಎ ಸ್ಪೇಸ್ ಒಡಿಸ್ಸಿ’ (1968) ಚಿತ್ರಕ್ಕೆ ಅಲೆಕ್ಸ್ ನಾರ್ತ್ ಬರೆದ ಸಂಗೀತವನ್ನು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ತೆಗೆದುಹಾಕಿ ಹಳೆಯ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡರು. ನಾರ್ತ್ 1991ರಲ್ಲಿ ತೀರಿಕೊಂಡರು. 1993ರಲ್ಲಿ ಅವರ ಗೆಳೆಯ, ಸ್ವತಃ ಹೆಸರಾಂತ ಸಂಗೀತ ನಿರ್ದೇಶಕ ಜೆರ‍್ರಿ ಗೋಲ್ಡ್‌ಸ್ಮಿತ್ ಅದನ್ನು ಲಂಡನ್ನಿನಲ್ಲಿ ನುಡಿಸಿದರು. ಇಪ್ಪತ್ತೈದು ವರ್ಷ ಹಾಳೆಯಲ್ಲಿದ್ದ ಸಂಗೀತವನ್ನು ಜನ ಆಗ ಕೇಳಿದರು.

ಕಾಗದಕ್ಕೆ ಸಿಗದ್ದು

ಹಾಗಾದರೆ ಕಾಗದವಿದ್ದರೆ ಎಲ್ಲವೂ ಮರುಹುಟ್ಟು ಪಡೆಯುವುದೇ? ಇಲ್ಲ. ಇಟಲಿಯ ಎನ್ನಿಯೊ ಮೊರಿಕೋನೆಯ ಕೌಬಾಯ್ ಚಿತ್ರಗಳ ಸಂಗೀತವನ್ನು ನೋಡಿ. ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಚಿತ್ರದ ಶಿಳ್ಳೆ ಅಲೆಸ್ಸಾಂದ್ರೊ ಅಲೆಸ್ಸಾಂದ್ರೋನಿ ಎಂಬ ಒಬ್ಬ ಮನುಷ್ಯನದು. ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ (1966) ಚಿತ್ರದ ಸ್ಮಶಾನದ ದೃಶ್ಯದಲ್ಲಿ ಶಬ್ದವಿಲ್ಲದೆ ಏರಿಹೋಗುವ ಕಂಠ ಎಡ್ಡಾ ಡೆಲ್ಲೊರ್ಸೊ ಅವರದು. ಹಾಳೆಯಲ್ಲಿ ಸ್ವರ ಬರೆಯಬಹುದು, ಆ ಉಸಿರನ್ನು ಬರೆಯಲಾಗದು. ಪಿಟೀಲುಗಳ ಸಾಲು ಎಷ್ಟೇ ಶುದ್ಧವಾಗಿ ನುಡಿದರೂ ಅಲ್ಲಿ ಏನೋ ಖಾಲಿ. ಆದರೂ 1968ರಲ್ಲಿ ಅಮೆರಿಕದ ಹ್ಯೂಗೊ ಮಾಂಟೆನಿಗ್ರೊ ಈ ಎರಡನೆಯ ಚಿತ್ರದ ಮುಖ್ಯ ಸಂಗೀತವನ್ನು ತನ್ನ ವಾದ್ಯವೃಂದದಿಂದ ಮತ್ತೆ ನುಡಿಸಿದಾಗ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೂ ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೂ ಏರಿತು. ಮಾರಾಟವೇ ಅಸಲಿತನದ ಪ್ರಮಾಣವಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಭಾರತದ ಕೇಳುಗರಿಗೆ ಈ ಅನುಭವ ಹೊಸದಲ್ಲ. ನಮ್ಮ ಸಂಗೀತದ ಜೀವ ಗಮಕದಲ್ಲಿದೆ, ಕಂಠದಲ್ಲಿದೆ. 1980 ಮತ್ತು 90ರ ದಶಕಗಳ ಕ್ಯಾಸೆಟ್ ಯುಗದಲ್ಲಿ ಟಿ-ಸೀರೀಸ್ ಕಂಪನಿ ಹಳೆಯ ಹಿಂದಿ ಗೀತೆಗಳನ್ನು ಹೊಸ ಗಾಯಕರಿಂದ ಹಾಡಿಸಿ ‘ವರ್ಷನ್’ ಎಂದು ಅಗ್ಗದ ಬೆಲೆಗೆ ಮಾರಿತು. ಸೋನು ನಿಗಮ್ ಮೊದಲು ಮನೆಮಾತಾದದ್ದು ಮಹಮದ್ ರಫಿಯ ಹಾಡುಗಳನ್ನು ಹಾಡಿಯೇ. ಗಾಯಕರ ಪ್ರತಿಭೆಯಲ್ಲಿ ಸಂದೇಹವಿರಲಿಲ್ಲ. ಆದರೆ ರಫಿಯ ಹಾಡು ಎಂದರೆ ರಫಿಯ ಕಂಠವೂ ಹೌದು. ಸಿಂಫನಿಯ ಮರುನುಡಿಕೆ ಮೂಲದ ಬಾಗಿಲು ತೆರೆಯುತ್ತದೆ. ಕಂಠದ ಮರುಹಾಡಿಕೆ ಮೂಲವನ್ನು ನೆನಪಿಸಿ ನಿಲ್ಲುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹೊದಿಕೆಯ ಮೇಲಿನ ಸತ್ಯ

ಕೊಳ್ಳುವವನ ಬೇಸರದಲ್ಲಿ ಅರ್ಧ ನ್ಯಾಯವಿದೆ ಎಂದು ಮೊದಲೇ ಹೇಳಿತ್ತು. ಆ ಅರ್ಧ ಸಂಬಂಧಿಸಿರುವುದು ಸಂಗೀತಕ್ಕಲ್ಲ, ಹೊದಿಕೆಗೆ. ಚಿತ್ರದ ಹೆಸರನ್ನು ಅಂಗೈಯಗಲ ಅಚ್ಚುಹಾಕಿ, ನುಡಿಸಿದವರ ಹೆಸರನ್ನು ಇರುವೆಯಷ್ಟು ಸಣ್ಣದಾಗಿಸುವುದು ಮೋಸಕ್ಕೆ ಹತ್ತಿರವಾದ ಚಾಲಾಕಿ. ಭಾರತದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಹಳೆಯ ನಿಯಮದಲ್ಲಿ, ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಎರಡು ವರ್ಷ ಕಳೆದ ಮೇಲೆ, ಹಕ್ಕುದಾರರಿಗೆ ತಿಳಿಸಿ ಗೌರವಧನ ಕೊಟ್ಟು ವರ್ಷನ್ ಮಾಡಬಹುದಿತ್ತು. 2012ರ ತಿದ್ದುಪಡಿ ಈ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು. ಅಷ್ಟೇ ಅಲ್ಲ, ಮೂಲ ಕಲಾವಿದರ ಹೆಸರಾಗಲಿ ಚಿತ್ರವಾಗಲಿ ಹೊದಿಕೆಯ ಮೇಲೆ ಇರಬಾರದು, ಇದು ವರ್ಷನ್ ಎಂದು ಬರೆದಿರಲೇಬೇಕು ಎಂದೂ ವಿಧಿಸಿತು. ಪ್ರಾಮಾಣಿಕವಾದ ಮರುನುಡಿಕೆಗೆ ಇದರಿಂದ ನಷ್ಟವೇನೂ ಇಲ್ಲ. ಗೆರ್ಹಾರ್ಟ್, ವಿಲ್ಸನ್ ಮೊದಲಾದವರು ತಮ್ಮ ಹೆಸರನ್ನು ಎಂದೂ ಮುಚ್ಚಿಡಲಿಲ್ಲ.

ಕೇಳುಗನೂ ಸ್ವಲ್ಪ ಕಣ್ಣು ತೆರೆದಿರಬೇಕು. ಮೂಲ ಚಿತ್ರದ ಧ್ವನಿ ಎಂದಿದೆಯೇ, ಚಿತ್ರದಿಂದ ಆಯ್ದ ಸಂಗೀತ ಎಂದಿದೆಯೇ? ನಡೆಸಿದವರು ಯಾರು, ಯಾವ ವಾದ್ಯವೃಂದ, ಯಾವ ವರ್ಷ? ಫೋನಿನಲ್ಲಿ ಸಂಗೀತ ಕೇಳುವ ಇಂದಿನ ದಿನಗಳಲ್ಲಿ ಹೊದಿಕೆಯೇ ಇಲ್ಲವಾದ್ದರಿಂದ ಈ ಪ್ರಶ್ನೆಗಳು ಹೆಚ್ಚು ಅಗತ್ಯ.

ನಮ್ಮ ಮನೆಯ ಮಾತು

ಕೊನೆಯದಾಗಿ ನಮ್ಮ ಕಡೆಗೆ. ನಮ್ಮಲ್ಲಿ ಚಿತ್ರಸಂಗೀತ ಎಂದರೆ ಹಾಡು. ತಟ್ಟೆಯಾಗಿ, ಕ್ಯಾಸೆಟ್ಟಾಗಿ ಬಂದದ್ದು ಹಾಡುಗಳೇ. ‘ಶೋಲೆ’ (1975) ಚಿತ್ರದ ಸಂಭಾಷಣೆಯೂ ತಟ್ಟೆಯಾಗಿ ಬಂದು ಭರ್ಜರಿಯಾಗಿ ಮಾರಾಟವಾಯಿತು. ಹಿನ್ನೆಲೆ ಸಂಗೀತಕ್ಕೆ ಮಾತ್ರ ಆ ಮರ್ಯಾದೆ ಬಹುಕಾಲ ಸಿಗಲಿಲ್ಲ. ವಿಜಯಭಾಸ್ಕರ್ ಸಂಗೀತ ನೀಡಿದ ‘ಗೆಜ್ಜೆ ಪೂಜೆ’ (1969), ‘ನಾಗರಹಾವು’ (1972) ಚಿತ್ರಗಳ ಹಾಡುಗಳು ಇಂದಿಗೂ ಮನೆಮನೆಯಲ್ಲಿವೆ. ಅವುಗಳ ಹಿನ್ನೆಲೆ ಸಂಗೀತ ಕೇಳಬೇಕೆಂದರೆ ಚಿತ್ರವನ್ನೇ ನೋಡಬೇಕು, ಸಂಭಾಷಣೆಯ ಅಡಿಯಲ್ಲಿ ಕಿವಿಯಿಟ್ಟು ಹುಡುಕಬೇಕು.

ಕಾಗದದಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮುಂಬಯಿಯಲ್ಲಿ ಸೆಬಾಸ್ಟಿಯನ್ ಡಿಸೋಜ, ಆಂಥೋನಿ ಗೊನ್ಸಾಲ್ವಿಸ್ ಅವರಂಥ ಗೋವೆಯ ವಾದ್ಯಸಂಯೋಜಕರು ಪ್ರತಿ ವಾದಕನಿಗೂ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಹಾಳೆ ಬರೆಯುತ್ತಿದ್ದರು. ಕನ್ನಡ ಚಿತ್ರಗಳಲ್ಲಿ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದ ಇಳಯರಾಜ, ಇಡೀ ವಾದ್ಯವೃಂದದ ಸಂಗೀತವನ್ನು ತಾವೇ ಹಾಳೆಯ ಮೇಲೆ ಇಳಿಸುವುದಕ್ಕೆ ಹೆಸರಾದವರು. ಬರೆಯುವ ಕೈ ನಮ್ಮಲ್ಲಿತ್ತು. ಬರೆದ ಹಾಳೆಯನ್ನು ಧ್ವನಿಮುದ್ರಣ ಮುಗಿದ ಮೇಲೂ ಬೆಲೆಯುಳ್ಳ ವಸ್ತುವೆಂದು ಎತ್ತಿಡುವ ವ್ಯವಸ್ಥೆ ಬೆಳೆಯಲಿಲ್ಲ. 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಚಿತ್ರದ ಸುರುಳಿಗಳನ್ನು ಕಾಯಲು ಹುಟ್ಟಿತು. ಸುರುಳಿ ಉಳಿದರೆ ಸಂಗೀತ ಚಿತ್ರದೊಳಗೆ ಉಳಿಯುತ್ತದೆ. ಅದನ್ನು ಮತ್ತೆ ನುಡಿಸಬೇಕಾದರೆ ಹಾಳೆಯೂ ಬೇಕು.

ಎಂಜಿಎಂ ಸ್ಟುಡಿಯೊದ ಕಥೆಯಿಂದ ಕಲಿಯಬೇಕಾದ ಪಾಠ ದೊಡ್ಡದೇನಲ್ಲ. ಹಳೆಯ ವಾದಕರ ಮನೆಯ ಅಟ್ಟದ ಮೇಲೆ, ಸಂಗೀತ ನಿರ್ದೇಶಕರ ಮಕ್ಕಳ ಬೀರುವಿನಲ್ಲಿ ಹಳದಿಗಟ್ಟಿದ ಹಾಳೆಗಳ ಕಟ್ಟು ಇದ್ದರೆ, ಅದನ್ನು ರದ್ದಿಯವನಿಗೆ ತೂಕಕ್ಕೆ ಹಾಕುವ ಮೊದಲು ಓದಬಲ್ಲ ಒಬ್ಬರಿಗೆ ತೋರಿಸಬೇಕು. ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳು ಅಂಥ ಹಾಳೆಗಳನ್ನು ಕೇಳಿ ಪಡೆಯಬೇಕು. ಹಾಳೆಯಿಲ್ಲದ ಕಡೆ, ಆ ಧ್ವನಿಮುದ್ರಣಗಳಲ್ಲಿ ನುಡಿಸಿದ ವಾದಕರು ಇನ್ನೂ ನಮ್ಮ ನಡುವೆ ಇರುವಾಗಲೇ, ಕಿವಿಯಿಂದ ಹಿಡಿದು ಬರೆಯಬಲ್ಲ ಯುವಕರನ್ನು ಅವರ ಮುಂದೆ ಕೂರಿಸಬೇಕು. ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಅಂಥ ಕಿವಿಗಳಿಗೆ ಬರವಿಲ್ಲ. ಅವರ ಕೈಗೊಂದು ಪೆನ್ನು ಕೊಡುವವರು ಬೇಕು.